ಸ್ಯಾನ್ ಫ್ರಾನ್ಸಿಸ್ಕೋ ನಗರದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನಶಾಲೆ

ವಸ್ತುಸಂಗ್ರಹಾಲಯವೆಂದೊಡನೆ ಗಾಜಿನ ಬೀರುಗಳೂ, ಅವುಗಳೊಳಗೆ ಚೀಟಿ ಅಂಟಿಸಿಕೊಂಡು ಕುಳಿತ ಪದಾರ್ಥಗಳೂ, ‘ಮುಟ್ಟಬಾರದು’ ಎಂಬ ಫಲಕವೂ ಜನರ ಮನಸ್ಸಿಗೆ ಬರುವುದು ವಾಡಿಕೆ. ಪುರಾತನ ವಿಗ್ರಹವನ್ನೋ ಅಪೂರ್ವವಾದ ಓಲೆಯ ಪ್ರತಿಯನ್ನೋ ಕಾಪಾಡಬೇಕಾದ ಎಡೆಯಲ್ಲಿ ಈ ಕಟ್ಟಳೆಯು ಯುಕ್ತವಾದುದೇ ಸರಿ. ಆದರೆ ಬೆಳಕಿನ ವಕ್ರೀಭವನ, ಲೋಲಕದ ತೂಗಾಟ, ಕಿವಿಯು ಶಬ್ದವನ್ನು ಗ್ರಹಿಸುವ ಬಗೆ, ಇವೇ ಮೊದಲಾದುವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವಂತಿಲ್ಲ. ಅವು ಪದಾರ್ಥಗಳಲ್ಲ, ವ್ಯಾಪಾರಗಳು. ನಡೆಯುತ್ತಿರುವಾಗ ಮಾತ್ರ ಇರತಕ್ಕವು. ನಡೆಯಿಸಿ ನೋಡುವವನಿಗೇ ಚೆನ್ನಾಗಿ ತಿಳಿಯತಕ್ಕವು. ಈ ಸರಳವಾದ ಸಂಗತಿಯನ್ನು ಆಧಾರವಾಗಿಟ್ಟುಕೊಂಡು 1969ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಥಾಪಿತವಾದುದು ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನಶಾಲೆ. ಹೆಸರಿಗೆ ‘ಹುಡುಕಿ ನೋಡುವ ಮನೆ’ ಎಂದು ಅರ್ಥ ಹೇಳಬಹುದು. ಅದರ ಉದ್ದೇಶವನ್ನು ತಿಳಿಯಬೇಕಾದರೆ ಅದನ್ನು ಸ್ಥಾಪಿಸಿದವರ ಬಾಳಿನ ವೃತ್ತಾಂತವನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಏಕೆಂದರೆ ಆ ಬಾಳು ನೆಟ್ಟಗೆ ಸಾಗಿದ್ದ ಪಕ್ಷದಲ್ಲಿ ಈ ಶಾಲೆಯು ಹುಟ್ಟುತ್ತಿದ್ದಿತೆಂದು ಹೇಳುವುದು ಕಷ್ಟ.

ಮುಟ್ಟಿ ನೋಡುವ ಪ್ರದರ್ಶನಗಳು ಅದಕ್ಕೆ ಮೊದಲು ಇರಲೇ ಇಲ್ಲವೆಂದಲ್ಲ. 1888ರಲ್ಲಿ ಬರ್ಲಿನ್ ನಗರದಲ್ಲಿ ಸ್ಥಾಪಿತವಾದ ಊರೇನಿಯಾ ಸಂಘದವರು ಪ್ರೇಕ್ಷಕನೇ ಗುಂಡಿಯನ್ನೊತ್ತಿ ನಡೆಯಿಸಬಹುದಾದ ಪ್ರಯೋಗಗಳನ್ನು ಏರ್ಪಡಿಸಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ 1899ರಲ್ಲಿ ಮಕ್ಕಳಿಗಾಗಿಯೇ ಒಂದು ಸಂಗ್ರಹಾಲಯವು ತೆರೆಯಲ್ಪಟ್ಟಿತು. ಈ ಜಾತಿಯ ಸಂಸ್ಥೆಗಳಲ್ಲಿ ಅದೇ ಮೊದಲನೆಯದು. ಓಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರು 1903ರಲ್ಲಿ ಸ್ಥಾಪಿಸಿ, 1925ರಲ್ಲಿ ಈಸಾರ್ ನದಿಯ ನಡುಗಡ್ಡೆಯಲ್ಲಿ ಸ್ವಂತ ಕಟ್ಟಡವನ್ನು ಪಡೆದ ಮ್ಯೂನಿಕ್ ನಗರದ ಜರ್ಮನ್ ಸಂಗ್ರಹಾಲಯದಲ್ಲಿ ತಿರುಗಿಸಿ ನೋಡುವ ಹಿಡಿಗಳು ಬೇಕಾದಷ್ಟಿದ್ದುವು. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ 1931ರಲ್ಲಿ ಮಕ್ಕಳ ಅಂಗಣವೊಂದು ಏರ್ಪಟ್ಟಿತು. ಬೆಳಕಿನ ಕಿರಣವನ್ನು ಅಡ್ಡಗಟ್ಟಿದೊಡನೆ ತಾನಾಗಿ ತೆರೆದುಕೊಳ್ಳುವ ಬಾಗಿಲು ಅಲ್ಲಿನ ಹುಡುಗರಿಗೆ ಎಲ್ಲಕ್ಕಿಂತಲೂ ಮೆಚ್ಚು. ಪ್ಯಾರಿಸ್ಸಿನಲ್ಲಿ ಜಾನ್ ಪೆರಾಂ ಎಂಬ ಭೌತವಿಜ್ಞಾನಿಯು 1937ರಲ್ಲಿ ತೆರೆಯಿಸಿದ ‘ಶೋಧದ ಅರಮನೆ’ಯಲ್ಲಿ ಉಪನ್ಯಾಸಕರು ಜನರೆದುರಿಗೇ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದರು. ಇವೆಲ್ಲವೂ ಗೌರವಾರ್ಹವಾದ ಪ್ರಯತ್ನಗಳೇ. ಆದರೂ ಗುಂಡಿಯನ್ನೊತ್ತುವವನಿಗೆ ಯಂತ್ರವು ತನಗೆ ಕಲಿಸಿದ ಪಾಠವನ್ನು ಪ್ರತಿಸಲವೂ ಹಾಗೆಯೇ ಒಪ್ಪಿಸುತ್ತಿದ್ದಿತಲ್ಲದೆ, ಅವನು ಬೇರೆ ರೀತಿಯಾಗಿ ಪ್ರಶ್ನೆ ಹಾಕಲು ಅವಕಾಶವು ಬಹಳ ಸ್ವಲ್ಪ.

ಎಕ್ಸ್‌ಪ್ಲೊರೇಟೋರಿಯಮ್ಮಿನ ಸ್ಥಾಪಕರಾದ ಫ್ರಾಂಕ್ ಓಪನ್‌ಹೈಮರ್ ಅವರು 1912ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. ಪರಮಾಣು ಬಾಂಬಿನ ನಿರ್ಮಾಣದಲ್ಲಿ ಮುಂದಾಳಾಗಿದ್ದ ರಾಬರ್ಟ್ ಓಪನ್‌ಹೈಮರ್ ಅವರಿಗೆ ಇವರು ತಮ್ಮ. ಅಣ್ಣನಂತೆಯೇ ಭೌತವಿಜ್ಞಾನಿ, ಆದರೆ ಅಣ್ಣನದು ಗಣಿತದ ಬುದ್ಧಿ, ತಮ್ಮನದು ಉಪಕರಣಗಳಲ್ಲಿ ಪಳಗಿದ ಕೈ. ಯುದ್ಧಕಾಲದಲ್ಲಿ ಇವರು ಬರ್ಕ್‌ಲಿಯಲ್ಲಿ ಯುರೇನಿಯಂ ಧಾತುವಿನ ಸಮಸ್ಥಾನಿಗಳನ್ನು ಬೇರ್ಪಡಿಸುವ ಕಾರ್ಯದಲ್ಲಿದ್ದು, ಬಳಿಕ ಲಾಸ್ ಅಲಮಾಸಿಗೆ ಬಂದು, 1945ನೆಯ ಇಸವಿ ಜುಲೈ 16ರ ಮುಂಜಾನೆ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ನಡೆದ ಮೊದಲನೆಯ ಸ್ಫೋಟವನ್ನು ಅಣ್ಣನೊಡನೆ ಕಂಡವರು. ಯುದ್ಧಾನಂತರ 1947ರಲ್ಲಿ ಮಿನೆಸೋಟಾ ವಿಶ್ವವಿದ್ಯಾನಿಲಯವನ್ನು ಸೇರಿ, ಬಹು ಎತ್ತರಕ್ಕೆ ಬೆಲೂನುಗಳನ್ನು ಹಾರಿಬಿಟ್ಟು ವಿಶ್ವಕಿರಣಗಳನ್ನು ಪರೀಕ್ಷಿಸತೊಡಗಿದರು. ಆ ಕಿರಣಗಳಲ್ಲಿ ಜಲಜನಕದ ಬೀಜಗಳಲ್ಲದೆ ಅದಕ್ಕಿಂತ ಭಾರವಾದ ಧಾತುಗಳ ಬೀಜಗಳೂ ಇರುವುವೆಂಬುದು 1948ರಲ್ಲಿ ಮಿನೆಸೋಟಾ ಮತ್ತು ರಾಚೆಸ್ಟರ್ ವಿಶ್ವವಿದ್ಯಾನಿಲಯಗಳ ಸಂಶೋಧಕರಿಂದ ಗೊತ್ತಾಯಿತು.

ಮರುವರ್ಷ, ಎಂದರೆ 1949ರ ಜೂನ್ ತಿಂಗಳಲ್ಲಿ, ದೇಶವಿರೋಧಿ ಚಟುವಟಿಕೆಗಳನ್ನು ವಿಚಾರಿಸುವುದಕ್ಕಾಗಿ ಅಮೆರಿಕಾದ ಪ್ರತಿನಿಧಿಸಭೆಯು ನೇಮಿಸಿದ್ದ ಸಮಿತಿಯ ಮುಂದೆ ಅವರು ನಿಲ್ಲಬೇಕಾಯಿತು. ಹಿಂದಣ ದಶಕದ ಕೊನೆಯಲ್ಲಿ ಕೆಲವು ವರ್ಷ ತಾವು ಕಮ್ಯೂನಿಸ್ಟ್ ಪಕ್ಷದ ಸದಸ್ಯರಾಗಿದ್ದುದನ್ನು ಒಪ್ಪಿಕೊಂಡರು. ಜೊತೆಯಲ್ಲಿದ್ದವರ ಹೆಸರುಗಳನ್ನು ಹೇಳಲು ಮಾತ್ರ ಒಪ್ಪಲಿಲ್ಲ. ಎರಡು ವರ್ಷಗಳ ಹಿಂದೆ ಪತ್ರಿಕೆಯೊಂದು ಈ ಸಂಗತಿಯನ್ನು ಪ್ರಕಟಿಸಿದಾಗ ಅವರು ಅದನ್ನು ಅಲ್ಲಗಳೆದಿದ್ದುದು ಈಗ ಅವರಿಗೆ ಮುಳುವಾಯಿತು. ವಿಶ್ವವಿದ್ಯಾನಿಲಯಕ್ಕೆ ರಾಜೀನಾಮೆ ಸಂದಿತು. ಬೇರಾವ ವಿಶ್ವವಿದ್ಯಾನಿಲಯವೂ ಅವರನ್ನು ಕರೆಯಲಿಲ್ಲ. ಪರದೇಶಕ್ಕೆ ಹೋಗೋಣವೆಂದರೆ ರಹದಾರಿಯೂ ದೊರೆಯಲಿಲ್ಲ. (ವಿಶ್ವಕಿರಣಗಳ ಮೇಲೆ ಹೇಳಿದ ಶೋಧದಲ್ಲಿ ರಾಚೆಸ್ಟರಿನ ಕಡೆಯಿಂದ ಭಾಗಿಯಾಗಿದ್ದ ಬರ್ನಾರ್ಡ್ ಪೀಟರ್ಸ್ ಅವರೂ ಇಂತಹುದೇ ಸಂಶಯಕ್ಕೆ ಗುರಿಯಾದವರು, ಅವರು 1951ರಲ್ಲಿ ಮುಂಬಯಿಯ ಟಾಟಾ ಮೂಲ ಸಂಶೋಧನ ಸಂಸ್ಥೆಗೆ ಬಂದು ಹಲವು ವರ್ಷ ಇಲ್ಲಿಯೇ ಕೆಲಸ ಮಾಡಿದರು.) ಕಡೆಗೆ ಫ್ರಾಂಕ್ ಅವರು ಪತ್ನಿಯಾದ ಜಾಕ್ವೆನೆಟ್ ಅವರೊಡನೆಯೂ ಮಕ್ಕಳೊಡನೆಯೂ ಕೊಲೊರಾಡೋ ಸಂಸ್ಥಾನದ ಬೆಟ್ಟಗಾಡಿನಲ್ಲಿ ಪಗೋಸಾ ಸ್ಪ್ರಿಂಗ್ಸ್ ಎಂಬ ಊರಿನ ಸಮೀಪದಲ್ಲಿ ನೆಲವನ್ನು ಕೊಂಡು, ದನಗಳನ್ನು ಸಾಕಿಕೊಂಡು, ಸುಮಾರು ಹತ್ತು ವರ್ಷ ಒಕ್ಕಲುತನದಲ್ಲಿ ಕಳೆದರು.

ಅವರ ಜೀವನದಲ್ಲಿ ಇದೊಂದು ಅಜ್ಞಾತವಾಸವೆನ್ನಬೇಕು. ಆದರೆ ಮುಂದಿನ ಶಾಲೆಯ ಬೀಜವು ಬಿದ್ದುದು ಈ ನೆಲದಲ್ಲಿಯೇ. 1957ರಲ್ಲಿ ಆ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರ ಕೆಲಸವು ಅವರಿಗೆ ದೊರೆಯಿತು. ಚಿಕ್ಕ ಶಾಲೆ, ಹೇಳಿಕೊಳ್ಳುವಂತಹ ಉಪಕರಣಗಳಿಲ್ಲ. ವಿಶ್ವಕಿರಣಗಳ ಪಂಡಿತರು ಹುಡುಗರನ್ನು ಕರೆದುಕೊಂಡು ಊರಾಚೆಯ ಕಸದ ತಿಪ್ಪೆಗೆ ಹೋದರು. ಮುರಿದ ಮೋಟಾರು ವಾಹನಗಳು, ಹಳೆಯ ಯಂತ್ರಗಳು, ಸನ್ನೆ, ಸ್ಪ್ರಿಂಗು, ತಂತಿಗಳು, ಅಲ್ಲಿ ದೊರೆತವೇ ಬಲವಿಜ್ಞಾನಕ್ಕೂ ಉಷ್ಣಕ್ಕೂ ವಿದ್ಯುತ್ತಿಗೂ ಪಾಠಪುಸ್ತಕಗಳಾದುವು. ಒಂದು ವಸ್ತುವನ್ನು ಬಿಚ್ಚಿ, ಅದು ಹೇಗೆ ನಡೆಯುತ್ತಿದ್ದಿತೆಂಬುದನ್ನು ತಾನೇ ಕಂಡುಕೊಂಡ ಹುಡುಗನು ಮುಂದೆ ಯಾವ ವಸ್ತುವಿಗೂ ಹೆದರುವುದಿಲ್ಲವೆಂಬುದನ್ನು ಅವರು ಇಲ್ಲಿ ಕಣ್ಣಾರೆ ಕಂಡರು.

ಅದೇ ವರ್ಷ ರಷ್ಯಾ ದೇಶದವರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ್ದರಿಂದ ಅಮೆರಿಕಾದಲ್ಲಿ ವಿಜ್ಞಾನಶಿಕ್ಷಣದ ವಿಚಾರವಾಗಿ ದೊಡ್ಡ ಗದ್ದಲವೆದ್ದಿತು. ನಿಷೇಧದ ಬಿಗಿಯೂ ಬರಬರುತ್ತ ಸಡಿಲವಾಯಿತು. 1959ರಲ್ಲಿ ಬೌಲ್ಡರಿನ ಕೊಲೊರಾಡೋ ವಿಶ್ವವಿದ್ಯಾನಿಲಯವು ಅವರನ್ನು ಬರಮಾಡಿಕೊಂಡಿತು. ಅಲ್ಲಿ ಅವರು ಮಾಡಿದ ಏರ್ಪಾಡಿನ ಹೆಸರೇ ಅವರ ಅಭಿಪ್ರಾಯವನ್ನು ತಿಳಿಸುವುದು: ‘ಪ್ರಯೋಗಗಳ ಪುಸ್ತಕಭಂಡಾರ’. ಪುಸ್ತಕಭಂಡಾರದಲ್ಲಿ ಗ್ರಂಥಗಳು ಅಟ್ಟದ ಮೇಲಿರುವಂತೆ, ಅಲ್ಲಿ ಅಣಿಮಾಡಿದ ಪ್ರಯೋಗಗಳು ಮೇಜುಗಳ ಮೇಲಿದ್ದುವು. ವಿದ್ಯಾರ್ಥಿಯು ತನಗೆ ಬಿಡುವಾದಾಗ ಬಂದು, ಬೇಕಾದುದನ್ನು ನಡೆಯಿಸಿ ನೋಡಿ, ತಿಳಿಯದಿದ್ದರೆ ಮತ್ತೊಂದು ದಿನ ತಿರುಗಿ ಬರಬಹುದು. 1965ರಲ್ಲಿ ಗೂಗೆನ್‌ಹೈಮ್ ವೇತನದ ಸಹಾಯದಿಂದ ಲಂಡನ್ನಿಗೆ ಹೋದಾಗ, ಮೇಲೆ ಹೇಳಿದ ಯೂರೋಪಿನ ಸಂಗ್ರಹಾಲಯಗಳನ್ನು ಅವರು ಚೆನ್ನಾಗಿ ನೋಡಿದರು. ಇಂತಹುದು ತಮ್ಮ ದೇಶದಲ್ಲಿಯೂ ಬೇಕು, ಆದರೆ ಹೀಗೆಯೇ ಇರಬೇಕಾದುದಿಲ್ಲ ಎಂಬ ನಿಶ್ಚಯದಿಂದ ಹಿಂದಿರುಗಿ, 1968ರಲ್ಲಿ ಸಂಗ್ರಹಾಲಯಗಳಿಗೆ ಸಂಬಂಧಪಟ್ಟ ‘ಕ್ಯುರೇಟರ್’ ಎಂಬ ಪತ್ರಿಕೆಯಲ್ಲಿ ವಿಜ್ಞಾನ ಸಂಗ್ರಹಾಲಯವೊಂದು ಏಕೆ ಬೇಕೆಂಬ ವಿಷಯವಾಗಿ ಲೇಖನವನ್ನು ಬರೆದರು. ನೀರಿನ ಬಳಿಗೇ ಬಿಡದೆ ಈಜಿನ ಸುಖವನ್ನು ವರ್ಣಿಸಿ ಹೇಳುವಂತೆ ಆಗಿದೆ ಜನರಿಗೆ ವಿಜ್ಞಾನವನ್ನು ಬಾಯಿಮಾತಿನಲ್ಲಿ ತಿಳಿಸುವ ಪದ್ಧತಿ ಎಂಬುದು ಅದರ ತಾತ್ಪರ್ಯಗಳಲ್ಲೊಂದು. ಪ್ರದರ್ಶನಗಳ ವಿಂಗಡಣೆಯೂ ಹೊಸ ಬಗೆಯದು. ಭೌತ, ರಸಾಯನ, ಜೀವ ಎಂಬ ಶಾಸ್ತ್ರವಿಭಾಗಗಳನ್ನು ಬಿಟ್ಟು, ಶ್ರವಣ, ದರ್ಶನ, ಸ್ಪರ್ಶ ಮೊದಲಾದ ಮನುಷ್ಯನ ಇಂದ್ರಿಯಜ್ಞಾನದಿಂದಲೇ ತೊಡಗಬೇಕೆಂದು ಅವರು ಸೂಚಿಸಿದರು. ನೋಡುವವನು ತನ್ನೊಡನೆ ತಪ್ಪದೆ ತಂದಿರುವ ಉಪಕರಣಗಳು ಇವು ತಾನೆ!

ಸ್ಥಳವು ಸಹ ವಿಚಿತ್ರವಾದುದೇ ದೊರೆಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮಾ-ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಬರ್ನಾರ್ಡ್ ಮೇಬೆಕ್ ಎಂಬ ಶಿಲ್ಪಿಯು ‘ಲಲಿತಕಲೆಗಳ ಅರಮನೆ’ಯೊಂದನ್ನು ಕಟ್ಟಿದ್ದರು. ಮರದ ಚೌಕಟ್ಟಿಗೆ ನಾರು ಬೆರಸಿದ ಗಾರೆಯನ್ನು ಮೆತ್ತಿ ಮಾಡಿದ ತಾತ್ಕಾಲಿಕವಾದ ಕಟ್ಟಡ. ಆದರೂ ಅದರ ಚೆಲುವಿಗೆ ಸೋತು ಜನರು ಕೆಡವಗೊಡಲಿಲ್ಲ. ನಡುವೆ ಅದರ ದೊಡ್ಡ ಹಜಾರವು ಟೆನ್ನಿಸ್ ಆಟದ ಅಂಕಣವಾಗಿಯೂ, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವಾಹನಗಳ ಕೊಟ್ಟಿಗೆಯಾಗಿಯೂ ಉಪಯೋಗವಾಯಿತು. 1960ರ ದಶಕದಲ್ಲಿ ಅದನ್ನು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದಾಗ, ಬಿಲ್ಲಿನಂತೆ ಬಾಗಿ ಸುಮಾರು ಸಾವಿರ ಅಡಿ ಉದ್ದವಿದ್ದ ಹಜಾರಕ್ಕೆ ಏನು ಮಾಡಬೇಕೆಂಬುದು ಯಾರಿಗೂ ತೋಚದೆ ಇದ್ದಿತು. 1969ರ ಶರತ್ಕಾಲದಲ್ಲಿ ಓಪನ್‌ಹೈಮರ್ ದಂಪತಿಗಳು ಆಡಂಬರದ ಪ್ರಾರಂಭೋತ್ಸವವಾವುದೂ ಇಲ್ಲದೆ ಬಾಗಿಲು ತೆರೆದರು. ಒಳಗೆ ಪ್ರದರ್ಶನಗಳಿಗಿಂತ ಬರಿಯ ಜಾಗವೇ ಹೆಚ್ಚು. ಪ್ರವೇಶಕ್ಕೆ ಆಗ ಹಣವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೆನಡಾ ದೇಶದ ಒಂಟಾರಿಯೋ ವಿಜ್ಞಾನಕೇಂದ್ರವು ತೆರೆದುದೂ ಅದೇ ವರ್ಷವೇ.

ಈ ಶಾಲೆಯ ಸ್ವರೂಪವನ್ನು ತಿಳಿಯಲು ಅಲ್ಲಿನ ಎರಡು ಮೂರು ಪ್ರದರ್ಶನಗಳನ್ನು ವಿವರವಾಗಿ ನೋಡುವುದು ಮೇಲು. ಮೊದಲನೆಯದು ಒಂದು ಲೋಲಕ. ಮನುಷ್ಯನು ಸುಲಭವಾಗಿ ಅಲುಗಿಸಲಾಗದಷ್ಟು ಭಾರವಾದ ಕಬ್ಬಿಣದ ಗುಂಡು ಮೇಲಿನಿಂದ ತೂಗುತ್ತಿರುವುದು. ನೋಡುವವನ ಕೈಯಲ್ಲಿರುವುದು ತೆಳುವಾದ ದಾರವೊಂದರ ತುದಿಗೆ ಕಟ್ಟಿದ ಸಣ್ಣ ಅಯಸ್ಕಾಂತ ಮಾತ್ರ. ಅಯಸ್ಕಾಂತವನ್ನು ಎಸೆದರೆ ಅದು ಗುಂಡಿಗೆ ಅಂಟಿಕೊಳ್ಳುವುದು, ಬಲವಾಗಿ ಎಳೆದರೆ ಕಿತ್ತುಬರುವುದು, ಗುಂಡು ಕದಲದು. ಹುಡುಗರು ಮೊದಲು ಮಾಡುವುದು ಇದನ್ನೇ: ಬಲ ಹಾಕಿ ಎಳೆದು ಸೋಲುವುದು. ಆದರೆ ಮೆಲ್ಲಗೆ, ಕಿತ್ತುಬಾರದಷ್ಟು ಹಗುರವಾಗಿ ಎಳೆದು ಬಿಟ್ಟರೆ ಗುಂಡು ಕೂದಲೆಳೆಯಷ್ಟು ಅಲುಗುವುದು. ಅದು ತನ್ನ ಕಡೆಗೆ ಬರುವ ಹೊತ್ತಿಗೆ ಸರಿಯಾಗಿ ಮತ್ತೆ ಎಳೆಯಬೇಕು. ಹಿಂದಕ್ಕೆ ಹೋಗುವಾಗ ಎಳೆದರೆ ಗಳಿಸಿದುದೆಲ್ಲ ನಷ್ಟ. ಹೀಗೆ ಹೊತ್ತರಿತು ಎಳೆಯುತ್ತ ಹೋದರೆ, ಕೆಲವು ನಿಮಿಷಗಳಲ್ಲಿ ಆ ಮಹಾಭಾರವು ದಾರದೆಳೆಗೆ ಒಲಿದು ಉದ್ದಕ್ಕೆ ತೂಗತೊಡಗುವುದು. ನಾಗರಪಂಚಮಿಯಲ್ಲಿ ಉಯ್ಯಾಲೆ ಜೀಕಿದವರಿಗೆಲ್ಲ ಈ ರಹಸ್ಯವು ಕಾಲಿಗೆ ಗೊತ್ತು, ತಲೆಗೆ ಗೊತ್ತಿರದು. ಶಾಸ್ತ್ರದಲ್ಲಿ ಇದಕ್ಕೆ ಅನುನಾದವೆಂದು ಹೆಸರು. ರೇಡಿಯೋ ಯಂತ್ರವು ಸಾವಿರ ಅಲೆಗಳಲ್ಲಿ ಒಂದನ್ನು ಆರಿಸಿಕೊಳ್ಳುವುದೂ ಈ ನ್ಯಾಯದಿಂದಲೇ. ಇಲ್ಲಿ ಗುಂಡಿಯನ್ನೊತ್ತುವ ಪ್ರದರ್ಶನಕ್ಕೂ ಇದಕ್ಕೂ ಇರುವ ಅಂತರವು ಸ್ಪಷ್ಟವಾಗುವುದು. ಲೋಲಕವು ಯಾರಿಗೂ ಪಾಠ ಹೇಳದು. ತಪ್ಪಾಗಿ ಎಳೆದವನಿಗೆ ತಪ್ಪಿನ ಫಲವನ್ನು ಕೊಡುವುದು, ಸರಿಯಾಗಿ ಎಳೆದವನಿಗೆ ಸರಿಯ ಫಲವನ್ನು.

ಎರಡನೆಯದು ಅಡೆಲ್ಬರ್ಟ್ ಏಮ್ಸ್ ಎಂಬುವರು ಕಲ್ಪಿಸಿದ ಸೊಟ್ಟ ಕೋಣೆ. ಗೋಡೆಯಲ್ಲಿನ ಒಂದು ಕಿಂಡಿಯಿಂದ ಒಂಟಿಕಣ್ಣಿನಲ್ಲಿ ನೋಡಿದರೆ ಸಾಧಾರಣವಾದ ಚಚ್ಚೌಕದ ಕೋಣೆಯಂತೆ ಕಾಣುವುದು. ಒಳಗೆ ಒಂದು ಮೂಲೆಯಲ್ಲಿ ನಿಂತ ಮಗುವು ದೈತ್ಯನಂತೆಯೂ, ಇನ್ನೊಂದು ಮೂಲೆಯಲ್ಲಿ ನಿಂತ ತಂದೆಯು ಕುಳ್ಳನಂತೆಯೂ ತೋರುವರು. ಸ್ಥಳಗಳನ್ನು ಬದಲಾಯಿಸಿಕೊಂಡರೆ ಆಕಾರಗಳೂ ಬದಲಾಗುವುವು. ನಿಜಕ್ಕೂ ಒಂದು ಮೂಲೆಯು ಇನ್ನೊಂದಕ್ಕಿಂತ ಬಹಳ ದೂರದಲ್ಲಿರುವುದು. ನೆಲ, ಗೋಡೆ, ಕಿಟಕಿಗಳೆಲ್ಲವೂ ಕಿಂಡಿಯ ಕಣ್ಣನ್ನು ವಂಚಿಸುವಂತೆ ಓರೆಯಾಗಿ ಕಟ್ಟಲ್ಪಟ್ಟಿರುವುವು. ಕೋಣೆಯೆಂದರೆ ಚೌಕವಾದುದೆಂದು ಬಾಳಿನುದ್ದಕ್ಕೂ ನಂಬಿಬಂದ ಮನಸ್ಸು, ಆ ನಂಬಿಕೆಯನ್ನು ಬಿಡುವುದಕ್ಕಿಂತ ಮನುಷ್ಯರನ್ನೇ ಹಿಗ್ಗಿಸಿ ಕುಗ್ಗಿಸಲು ಒಪ್ಪುವುದು. ರಜ್ಜುಸರ್ಪಭ್ರಾಂತಿಯ ಚರ್ಚೆಯಲ್ಲಿ ಬೆಳೆದ ದೇಶದವರಿಗೆ ಇದರ ತತ್ತ್ವವು ಹೊಸದಲ್ಲ. ಆದರೆ ದೀಪ ತಂದೊಡನೆ ಹಾವು ಹೋಗಿ ಹಗ್ಗವು ಉಳಿಯುವುದೆಂಬುದು ಆ ದೃಷ್ಟಾಂತ. ಈ ಕೋಣೆಯಲ್ಲಿ ಹಾಗಲ್ಲ, ಮೋಸದ ಬಗೆಯನ್ನು ಪೂರ್ತಿಯಾಗಿ ತಿಳಿದ ಮೇಲೂ ಕಿಂಡಿಗೆ ಕಣ್ಣಿಟ್ಟರೆ ಭ್ರಾಂತಿಯು ಇದ್ದಂತೆಯೇ ಇರುವುದು.

ಮೂರನೆಯದು ಹಸುವಿನ ಕಣ್ಣು. ಕಸಾಯಿಖಾನೆಯಿಂದ ತಂದ ಕಣ್ಣನ್ನು ಒಬ್ಬ ತರುಣನೋ ತರುಣಿಯೋ ಜನರೆದುರಿಗೆ ಮೇಜಿನ ಮೇಲೆ ಸೀಳಿ ತೋರಿಸುವರು. ಮೊದಲು ಮಕ್ಕಳು ಮುಖ ಸಿಂಡರಿಸಿ ಹಿಂದೆ ಸರಿಯುವರು. ಗೋಲದೊಳಗಿನ ಮಸೂರವನ್ನು ಹೊರತೆಗೆದು ಮುದ್ರಿತ ಕಾಗದದ ಮೇಲಿಟ್ಟು, ಅಕ್ಷರಗಳು ಅದರೊಳಗೆ ದೊಡ್ಡವಾಗಿ ಕಾಣುವುದನ್ನು ತೋರಿಸಿದೊಡನೆ ಮತ್ತೆ ಮುತ್ತುವರು. ಹಿಂದಣ ಅಕ್ಷಿಪಟವು ಗೋಲಕ್ಕೆ ಭದ್ರವಾಗಿ ಹತ್ತಿಕೊಂಡಿರುವುದು ಒಂದೇ ಎಡೆಯಲ್ಲಿ, ದೃಷ್ಟಿಯ ನರವು ಹೊರಡುವ ಸ್ಥಳದಲ್ಲಿ. ಕಣ್ಣಿಗೆ ಕುರುಡುಚುಕ್ಕೆಯಿರುವುದೂ ಅಲ್ಲಿಯೇ. ಹಿಂದೂಗಳಿಗೆ ಪೂಜ್ಯವಾದ ಪ್ರಾಣಿಯ ಕಣ್ಣು ಇದಾದುದರಿಂದ ಈ ಪ್ರದರ್ಶನವು ಇದ್ದಂತೆಯೇ ಎಲ್ಲ ದೇಶಗಳಿಗೂ ಒಗ್ಗದೆಂಬುದನ್ನು ಒಪ್ಪಲೇಬೇಕು. ಕಣ್ಣಿನ ರಚನೆಯನ್ನು ತೋರಿಸಲು ಅದೊಂದೇ ದಾರಿಯೂ ಅಲ್ಲ.

ಮೇಲೆ ಹೇಳಿದ ತರುಣರಿಗೆ ಆ ಶಾಲೆಯಲ್ಲಿ ‘ವಿವರಿಸುವವರು’ ಎಂದು ಹೆಸರು. ಇವರು ಪಂಡಿತರಲ್ಲ, ನಗರದ ಪ್ರೌಢಶಾಲೆಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರು. ಸಂಬಳ ಕೊಟ್ಟು, ಕಿತ್ತಳೆಬಣ್ಣದ ಮೇಲಂಗಿಯನ್ನು ತೊಡಿಸಿ, ಹಜಾರದಲ್ಲಿ ಬಿಡುವರು. ತರಗತಿಯಲ್ಲಿ ಮೇಲುಗೈಯಾದವರನ್ನೇ ಆರಿಸಬೇಕೆಂಬ ನಿಯಮವಿಲ್ಲ. ನೆನ್ನೆಯ ದಿನ ತಾನೇ ಕಲಿತುದನ್ನು ಇಂದು ಇನ್ನೊಬ್ಬರಿಗೆ ಹೇಳಬೇಕಾಗಿ ಬಂದಾಗ ಹೇಳುವವನಿಗೇ ಹೆಚ್ಚು ಲಾಭವೆಂಬುದು ಓಪನ್‌ಹೈಮರ್ ಅವರ ಎಣಿಕೆ. ತನಗೆ ತಿಳಿಯದುದನ್ನು ಯಾರಾದರೂ ಕೇಳಿದರೆ ‘ತಿಳಿಯದು, ನೋಡೋಣ’ ಎನ್ನುವ ಹುಡುಗನು, ಎಲ್ಲವನ್ನೂ ಬಲ್ಲ ಪಂಡಿತನಿಗಿಂತ ಇಂತಹ ಸ್ಥಳಕ್ಕೆ ತಕ್ಕವನೆಂಬುದರಲ್ಲಿ ಸಂಶಯವಿಲ್ಲ. ಇಡೀ ಸಂಸ್ಥೆಯ ಏರ್ಪಾಡುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೆಂದು ಹೇಳಿದರೆ ತಪ್ಪಾಗಲಾರದು. ಇದಲ್ಲದೆ, ಪ್ರದರ್ಶನಗಳನ್ನು ತಯಾರಿಸಿ ರಿಪೇರಿ ಮಾಡುವ ಕಾರ್ಯಾಗಾರವನ್ನು ಅವರು ಹಿಂದಣ ಕೋಣೆಯಲ್ಲಿ ಬಚ್ಚಿಡದೆ ಬಾಗಿಲ ಬಳಿಯಲ್ಲಿಯೇ, ಎಲ್ಲರಿಗೂ ಕಾಣುವಂತೆ ಇಟ್ಟರು. ಸಾವಿರ ಕೈಗಳು ಮುಟ್ಟುವ ವಸ್ತು ಮುರಿಯದೆ ಇದ್ದೀತೆ? ಮುರಿದುದನ್ನು ಕಂಡು ಹೇಗೆ ಮುರಿಯಿತೆಂದು ವಿಚಾರಿಸಿ, ಮುಂದಿನ ಮಾದರಿಯನ್ನು ತಿದ್ದುವುದೇ ಅಲ್ಲಿನ ಪದ್ಧತಿಯಾಯಿತು.

ಇಂತಹ ಶಾಲೆಯ ವಿಷಯದಲ್ಲಿ ಆಕ್ಷೇಪಣೆಗಳು ಇಲ್ಲದಿಲ್ಲ. ಮಕ್ಕಳು ಒಂದು ಹಿಡಿಯನ್ನು ತಿರುಗಿಸಿ, ಫಲವನ್ನು ನೋಡುವ ಮೊದಲೇ ಇನ್ನೊಂದರ ಬಳಿಗೆ ಓಡುವರು; ಗದ್ದಲವು ಸಂತೆಯನ್ನು ಮೀರುವುದು; ಮುಟ್ಟಿದ ಮಾತ್ರಕ್ಕೆ ತಿಳಿವು ಬಾರದು. ಇದು ನಿಜ. ಕೈಯಾಡಿಸುವುದೇ ಜ್ಞಾನವೆಂದು ತಿಳಿದು, ಬಣ್ಣಬಣ್ಣದ ಗುಂಡಿಗಳನ್ನು ಜೋಡಿಸಿ ವಿಜ್ಞಾನಕೇಂದ್ರವೆಂದು ಹೆಸರಿಟ್ಟ ಎಡೆಗಳೂ ಲೋಕದಲ್ಲಿ ಕಡಮೆಯಿಲ್ಲ. ಓಪನ್‌ಹೈಮರ್ ಅವರು ಈ ಆಕ್ಷೇಪಣೆಗೆ ಕೊಡುತ್ತಿದ್ದ ಸಮಾಧಾನವು ಪೂರ್ತಿಯಾಗಿ ಒಪ್ಪತಕ್ಕದ್ದಲ್ಲವಾದರೂ ವಿಚಾರಾರ್ಹವಾದುದು. ಸಂಗ್ರಹಾಲಯದಲ್ಲಿ ಯಾರೂ ಫೇಲಾಗುವಂತಿಲ್ಲವೆಂಬುದು ಅವರ ಮುಖ್ಯವಾದ ಮಾತು. ಅಲ್ಲಿ ಇಂತಹ ದಾರಿಯಲ್ಲೇ ನಡೆಯಬೇಕೆಂಬ ಗೆರೆಯಿಲ್ಲ. ಇಷ್ಟನ್ನು ಕಲಿಯಬೇಕೆಂಬ ಪಟ್ಟಿಯಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಕನ್ನಡದ ಗಾದೆಯಲ್ಲಿ ಮೊದಲರ್ಧಕ್ಕೆ ಈ ಶಾಲೆಯು ಸೇರುವುದು. ಊರು ನೋಡಲು ಹೋದವನು ಎಲ್ಲವನ್ನೂ ಅರಿತು ಬರುವುದಿಲ್ಲ. ಆದರೆ ಮುಂದೆ ಆ ಊರಿನ ಹೆಸರನ್ನು ಪುಸ್ತಕದಲ್ಲಿ ಕಂಡಾಗ ಅವನಿಗೆ ಅದು ಬರಿಯ ಹೆಸರಲ್ಲ.

ಈ ವಿಚಾರದ ಹಿಂದೆ ಇನ್ನೂ ಆಳವಾದ ಚಿಂತೆಯೊಂದಿದ್ದಿತು. ಬಾಂಬಿನ ನಿರ್ಮಾಣದಲ್ಲಿ ಕೈಯಿಟ್ಟಿದ್ದವರಿಗೆ, ದೇಶದ ಭವಿಷ್ಯವನ್ನು ನಿರ್ಣಯಿಸುವ ವಿಷಯಗಳು ಸಾಮಾನ್ಯರ ತಿಳಿವಳಿಕೆಯಿಂದ ದೂರವಾಗುತ್ತಿರುವುದು ಭಯಂಕರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ತಮ್ಮಿಂದ ತಿಳಿಯಲಾಗದೆಂದು ಜನರು ಕೈಬಿಟ್ಟರೆ, ಬಲ್ಲವರೆಂದು ಹೇಳಿಕೊಳ್ಳುವವರು ಹೇಳಿದುದೇ ವೇದವಾಗುವುದು. ಪರಮಾಣುವಿನ ರಚನೆಯನ್ನು ಪ್ರತಿಯೊಬ್ಬ ಪ್ರಜೆಯೂ ಕಲಿಯಬೇಕೆಂದು ಅವರು ಬಯಸಲಿಲ್ಲ. ‘ಪ್ರಯತ್ನಿಸಿದರೆ ನನಗೂ ತಿಳಿದೀತು’ ಎಂಬ ಧೈರ್ಯವು ಪ್ರತಿಯೊಬ್ಬನಲ್ಲಿಯೂ ಉಳಿಯಬೇಕೆಂದು ಬಯಸಿದರು. ವಿಚಾರಣಾ ಸಮಿತಿಯ ಮುಂದೆ ನಿಂತು ಹತ್ತು ವರ್ಷ ಹೊರಗಿದ್ದವರ ಬಾಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿರುವುದು. ಶಾಲೆಯು ಮಕ್ಕಳಿಗೆ ಮಾತ್ರ ಮೀಸಲಾದುದೆಂದು ಅವರು ಒಪ್ಪದೆ ಇದ್ದುದಕ್ಕೂ ಇದೇ ಕಾರಣವಿರಬೇಕು.

ಕಲಾವಿದರಿಗೂ ಅಲ್ಲಿ ಮೊದಲಿನಿಂದ ಎಡೆಯಿದ್ದಿತು. ಗಣಕಯಂತ್ರಗಳಿಗೂ ಕಲೆಗೂ ಇರುವ ಸಂಬಂಧವನ್ನು ತೋರಿಸಲು 1968ರಲ್ಲಿ ಲಂಡನ್ನಿನಲ್ಲಿ ನಡೆದಿದ್ದ ಪ್ರದರ್ಶನವೇ ಆ ಹಜಾರದಲ್ಲಿ ಮೊದಲಿಗೆ ಕಾಣಿಸಿದವುಗಳಲ್ಲೊಂದು. 1971ರಲ್ಲಿ ಆಗಸ್ಟ್ ಕೊಪ್ಪೊಲಾ ಎಂಬುವರು ಕಲ್ಪಿಸಿದ ಸ್ಪರ್ಶಗುಮ್ಮಟದಲ್ಲಿ ಕಗ್ಗತ್ತಲೆ. ನಡೆಯುವವನು ಕೈಯಿಂದಲೇ ದಾರಿಯನ್ನು ಹುಡುಕಬೇಕು.

ಬೇರೆಡೆಗಳ ಸಂಸ್ಥೆಗಳಿಗೆ ಈ ಶಾಲೆಯಿಂದಾದ ಉಪಕಾರವು ಮುಖ್ಯವಾಗಿ ಪುಸ್ತಕಗಳ ಮೂಲಕ ಆದುದು. 1970ರ ದಶಕದ ಮಧ್ಯಭಾಗದಿಂದ ತಮ್ಮ ಪ್ರದರ್ಶನಗಳನ್ನು ತಯಾರಿಸುವ ವಿಧಾನವನ್ನು ಅವರು ‘ಪಾಕಪುಸ್ತಕ’ಗಳೆಂಬ ಹೆಸರಿನಿಂದ ಮೂರು ಸಂಪುಟಗಳಲ್ಲಿ ಅಚ್ಚುಹಾಕಿಸಿದರು, ಸುಮಾರು 200 ಪ್ರದರ್ಶನಗಳ ಅಳತೆ, ಸಾಮಗ್ರಿ, ಎಚ್ಚರಿಕೆಗಳು ಅವುಗಳಲ್ಲಿರುವುವು. ಏಕಸ್ವಾಮ್ಯದ ಗೊಡವೆಯಿಲ್ಲದೆ, ಅಡುಗೆಯ ಕ್ರಮವನ್ನು ನೆರೆಮನೆಗೆ ಹೇಳುವಂತೆ ಹೇಳಿಕೊಟ್ಟುದು ಇದು. ಭಾರತದಲ್ಲಿಯೂ ಈ ಜಾತಿಯ ಕೇಂದ್ರಗಳ ಬೆಳವಣಿಗೆ ಆ ಹೊತ್ತಿಗೆ ತೊಡಗಿದ್ದಿತು. 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ಮೊದಲು ಹೆಸರಿಗೆ ತಕ್ಕಂತೆ ಯಂತ್ರಗಳ ಕಡೆಗೆ ವಾಲಿದ್ದಿತು. 1978ರಲ್ಲಿ ಏರ್ಪಟ್ಟ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಲಿಯ ಆಡಳಿತಕ್ಕೆ ಸೇರಿದ ಅದರಲ್ಲಿ ಇಂದು ಯಂತ್ರಗಳೊಡನೆ, ಮಕ್ಕಳು ತಾವೇ ನಡೆಯಿಸಿ ನೋಡುವ ವಿನೋದವಿಜ್ಞಾನದ ಅಂಗಣವೂ ಇರುವುದು. ಕಬ್ಬನ್ ಉದ್ಯಾನದ ಬದಿಯಲ್ಲಿ ಶಾಲೆಯ ಮಕ್ಕಳ ಸಾಲುಗಳನ್ನು ಕಂಡವರಿಗೆ ಯಾವುದರ ಕಡೆಗೆ ಅವರ ಓಟವೆಂಬುದನ್ನು ಹೇಳಬೇಕಾದುದಿಲ್ಲ.

ಜಾಕ್ವೆನೆಟ್ ಅವರು 1980ರಲ್ಲಿಯೂ ಫ್ರಾಂಕ್ ಅವರು 1985ನೆಯ ಇಸವಿ ಫೆಬ್ರವರಿ 3ರಲ್ಲಿಯೂ ತೀರಿಕೊಂಡರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯಲ್ಲಿ, ಹಳೆಯ ಸ್ಮಶಾನವೊಂದರ ಕೆತ್ತನೆಯ ಕಲ್ಲುಗಳಿಂದ ಕಟ್ಟಿದ ‘ಅಲೆಗಳ ವಾದ್ಯ’ವು ಅವರ ಹೆಸರಿಗೆ ಅರ್ಪಿತವಾಯಿತು, ನೀರಿನೊಳಕ್ಕೆ ಇಳಿಬಿಟ್ಟ ಕೊಳವೆಗಳಲ್ಲಿ ತೆರೆಗಳ ಏರಿಳಿತವು ಸ್ವರವಾಗಿ ಕೇಳುವುದು, ಉಬ್ಬರದ ಹೊತ್ತಿನಲ್ಲಿ ಚೆನ್ನಾಗಿಯೂ ಇಳಿತದಲ್ಲಿ ಮಂದವಾಗಿಯೂ. ಶಾಲೆಯು ನಲವತ್ತಕ್ಕೂ ಹೆಚ್ಚು ವರ್ಷ ಅರಮನೆಯ ಹಜಾರದಲ್ಲಿದ್ದು, 2013ನೆಯ ಇಸವಿ ಏಪ್ರಿಲ್ 17ರಲ್ಲಿ ಅದೇ ನಗರದ ಬಂದರಿನ 15ನೆಯ ಕಟ್ಟೆಯ ಮೇಲೆ ಹೊಸ ಮನೆಯನ್ನು ಹೊಕ್ಕಿತು. ಪ್ರದರ್ಶನಗಳ ಸಂಖ್ಯೆ ಈಗ ಆರುನೂರನ್ನು ಮೀರಿರುವುದು. ಕೊಲ್ಲಿಯ ನೀರಿನಿಂದಲೇ ಕಟ್ಟಡವನ್ನು ತಂಪಿಡುವ ಮತ್ತು ಬೆಚ್ಚಗಿಡುವ ಏರ್ಪಾಡೂ ಅಲ್ಲಿ ನೋಡುವ ವಸ್ತುಗಳಲ್ಲೊಂದು. ಕಾರ್ಯಾಗಾರವು ಅಲ್ಲಿಯೂ ಹಜಾರದೊಳಗೇ, ಬಂದವರ ಕಣ್ಣಿಗೆ ತೆರೆದಂತೆ ಇರುವುದು.